ರಜೆಯಲ್ಲಿ ಮಕ್ಕಳನ್ನು ಮತ್ಸ್ಯಾಲಯಕ್ಕೆ ಕರೆದೊಯ್ಯಬೇಕೇ?

ಪರ: ಹತ್ತಿರದಿಂದ ಕಾಣದೆ ಅಕ್ಕರೆ ಹುಟ್ಟದು

ನಾವಿರುವುದು ದಾವಣಗೆರೆಯಲ್ಲಿ, ಕಡಲಿನಿಂದ ದೂರ. ನಮ್ಮ ಮನೆಯ ಮಕ್ಕಳಿಗೆ ಮೀನೆಂದರೆ ಐಸಿನ ಮೇಲೆ ಮಲಗಿದ ಬಂಗುಡೆ, ಇಲ್ಲವೇ ಸಾರಿನೊಳಗಿನ ತುಂಡು. ಜೀವಂತ ಮೀನನ್ನು ಅವರು ಮೊದಲು ಹತ್ತಿರದಿಂದ ಕಂಡದ್ದು ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಮತ್ಸ್ಯಾಲಯದಲ್ಲಿ. 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯ ಅದು. ಗಾಜಿನ ಸುರಂಗದ ಝಗಮಗ ಅಲ್ಲಿಲ್ಲ. ಮಕ್ಕಳಿಗೆ ಅದು ಬೇಕಾಗಲೂ ಇಲ್ಲ.

ಒಂದು ತೊಟ್ಟಿಯಲ್ಲಿ ಗೌರಾಮಿ ಮೀನು ಮತ್ತೆ ಮತ್ತೆ ಮೇಲೆ ಬಂದು, ಬಾಯಿ ಹೊರಚಾಚಿ, ಗಾಳಿ ನುಂಗಿ ಕೆಳಗಿಳಿಯುತ್ತಿತ್ತು. "ಮೀನಿಗೂ ಗಾಳಿ ಬೇಕಾ ಅಪ್ಪಾ?" ಎಂದಳು ಕಿರಿಯವಳು. ಹೌದು, ಕಿವಿರುಗಳ ಜೊತೆಗೆ ಗಾಳಿಯಿಂದಲೇ ಆಮ್ಲಜನಕ ಹೀರುವ ಅಂಗವೊಂದು ಅದರ ತಲೆಯೊಳಗಿದೆ. ನಮ್ಮ ಕೆರೆಗಳ ಕೊರವ ಮೀನೂ ಹೀಗೆ ಗಾಳಿ ಉಸಿರಾಡಬಲ್ಲದು. ಆದ್ದರಿಂದಲೇ ಅದು ಸಂತೆಯ ಬುಟ್ಟಿಯಲ್ಲೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಊರಿಗೆ ಮರಳಿದ ಮೇಲೆ ಅವಳು ಆ ಬುಟ್ಟಿಯನ್ನು ಸುಮ್ಮನೆ ದಾಟಲಿಲ್ಲ. ಬಗ್ಗಿ ನೋಡಿದಳು.

ಕಡಲಿಗೇ ಹೋಗಿ ನೋಡಬಹುದಲ್ಲ ಎನ್ನುವವರಿದ್ದಾರೆ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ಇದೆ, ನಿಜ. ಆ ಖರ್ಚು ಎಲ್ಲರ ಕೈಗೆಟುಕದು. ಮಂಡಿನೋವಿನ ನಮ್ಮಮ್ಮ, ಐದು ವರ್ಷದ ಮಗು ಅಷ್ಟು ಆಳಕ್ಕೆ ಇಳಿಯುವುದುಂಟೇ? ಮತ್ಸ್ಯಾಲಯದಲ್ಲಿ ಅಜ್ಜಿ ಮೊಮ್ಮಗಳು ಕೈಹಿಡಿದು ಒಂದೇ ಗಾಜಿನ ಮುಂದೆ ನಿಂತರು.

ವಿರೋಧ: ಕಡಲನ್ನು ತೊಟ್ಟಿಗೆ ತುಂಬಲಾಗದು

ಸಿಹಿನೀರಿನ ಅಲಂಕಾರಿಕ ಮೀನುಗಳ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಹೆಚ್ಚಿನವು ಸಾಕಣೆ ಕೊಳಗಳಲ್ಲೇ ಹುಟ್ಟಿದವು. ಉಪ್ಪುನೀರಿನವುಗಳ ಕತೆ ಬೇರೆ. ಬಹುಪಾಲು ಕಡಲಿನಿಂದಲೇ ಹಿಡಿದು ತಂದವು. ವಿದೇಶದಲ್ಲಿ ರಜೆ ಕಳೆಯುವ ಕುಟುಂಬಗಳು ಟಿಕೆಟ್ ಕೊಂಡು ನೋಡುವುದು ಇವನ್ನೇ, ಅದರಲ್ಲೂ ಶಾರ್ಕ್‌ಗಳನ್ನು.

ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 2004ರಲ್ಲಿ ಎಳೆಯ ಬಿಳಿ ಶಾರ್ಕ್ ಒಂದನ್ನು ತಂದಿಟ್ಟಿತು. ಅದು ಅಲ್ಲಿದ್ದದ್ದು 198 ದಿನ. ಜೊತೆಗಿದ್ದ ಬೇರೆ ಜಾತಿಯ ಶಾರ್ಕ್‌ಗಳನ್ನು ಕೊಂದ ಮೇಲೆ ಕಡಲಿಗೆ ಬಿಟ್ಟರು. ಜಪಾನಿನ ಓಕಿನಾವಾದ ಚುರಾಉಮಿ ಅಕ್ವೇರಿಯಂಗೆ 2016ರಲ್ಲಿ ತಂದ ಬಿಳಿ ಶಾರ್ಕ್ ಮೂರೇ ದಿನಕ್ಕೆ ಸತ್ತಿತು. ಪಳಗಿದ ಕೈಗಳಿಗೇ ಹೀಗಾದರೆ ಮಾಲ್‌ನೊಳಗಿನ ತೊಟ್ಟಿಗಳನ್ನು ನಂಬುವುದು ಹೇಗೆ? ಡಾಲ್ಫಿನ್ ಪ್ರದರ್ಶನಾಲಯ ಬೇಡವೆಂದು ನಮ್ಮ ದೇಶ 2013ರಲ್ಲೇ ಹೇಳಿತು. ಆ ಕರುಣೆ ಶಾರ್ಕಿಗೂ ಸಲ್ಲಬೇಕು.

ಮೀನಿನ ಎರಡೂ ಪಕ್ಕೆಗಳುದ್ದಕ್ಕೆ ನೀರಿನ ಅಲುಗಾಟ ಗ್ರಹಿಸುವ ಗೆರೆಯೊಂದಿದೆ. ಗಾಜಿನ ಮೇಲೆ ಬಿದ್ದ ಏಟು ನೀರಿನೊಳಗೂ ತಟ್ಟುತ್ತದೆ. ರಜೆಯ ನೂಕುನುಗ್ಗಲಲ್ಲಿ, "ಬಡಿಯಬೇಡಿ" ಎಂಬ ಫಲಕದ ಕೆಳಗೇ ಅಪ್ಪಂದಿರು ಬಡಿದು ಮಕ್ಕಳಿಗೆ ತೋರಿಸುವುದನ್ನು ಕಂಡಿದ್ದೇನೆ. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಕಳೆದ ಬೇಸಿಗೆಯಲ್ಲಿ ನಾವು ಕಾಪುವಿಗೆ ಹೋದೆವು. ಇಳಿತದ ಹೊತ್ತು. ದೀಪಸ್ತಂಭದ ಬಳಿಯ ಬಂಡೆಗಳ ಸಂದಿಯಲ್ಲಿ ಮೊಳದಗಲ ನೀರು ನಿಂತಿತ್ತು. ಮಗ ಖಾಲಿ ಶಂಖವೆಂದು ಎತ್ತಿದ್ದು ಅಂಗೈಯಲ್ಲಿ ಅಲುಗಿತು. ಒಳಗೊಂದು ಸನ್ಯಾಸಿ ಏಡಿ. ಮರಳಿನಲ್ಲಿ ಕೂತಿದ್ದ ಅಜ್ಜಿಗೆ ತೋರಿಸಲೆಂದು ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ, ಅದನ್ನು ಇಳಿಸಿ, ಚೆಲ್ಲದಂತೆ ಹೊತ್ತುಕೊಂಡು ಹೋದ. ಮೊದಲು ಎರಡು ಮೀಸೆ, ಆಮೇಲೆ ಕಡ್ಡಿಯಂಥ ಕಾಲುಗಳು ಹೊರಬಂದವು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಸಾಕು ಮಗಾ," ಎಂದರು. "ಎಲ್ಲಿತ್ತೋ ಅಲ್ಲೇ ಬಿಟ್ಟು ಬಾ."