ಬಾಕ್ಸ್ ಬಂದ ಮೇಲೆ ಟೇಪ್ ಹುಡುಕಬೇಡಿ

ಸಂಜೆ ವಿದ್ಯಾನಗರದಿಂದ ಬಂದಾಗಿನಿಂದ ತಲೆ ಬಿಸಿಯಾಗಿದೆ. ನಮ್ಮ ದೊಡ್ಡಪ್ಪನ ಎರಡನೇ ಮಗ ಬೆಂಗಳೂರಲ್ಲಿದ್ದಾಗ ಗಾಲ್ಫ್ ಕಲಿತವನು. ಈಗ ಊರಿಗೆ ವಾಪಸ್ ಬಂದಿದ್ದಾನೆ. ಮನೆಯಲ್ಲೇ ಸಿಮ್ಯುಲೇಟರ್ ಹಾಕಿಸ್ತೀನಿ ಅಂದಾಗ ನನಗೂ ಖುಷಿಯಾಗಿತ್ತು. ಪರದೆಗೆ ಬಾಲ್ ಹೊಡೆದರೆ, ಬಯಲಲ್ಲಿ ಅದು ಎಷ್ಟು ದೂರ ಹೋಗುತ್ತಿತ್ತು ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಸಾಮಾನೆಲ್ಲ ಬಂದಿಳಿದಿದೆ. "ಅಣ್ಣ, ಎಲ್ಲಿ ಕೂರಿಸೋಣ?" ಅಂತ ಈಗ ಕೇಳುತ್ತಾನೆ.

ಈಗ! ಮನೆ ನಕ್ಷೆ ಬರೆಯೋದೇ ನನ್ನ ಕೆಲಸ. ಮೊದಲೇ ಒಂದು ಫೋನ್ ಮಾಡಬಹುದಿತ್ತು, ಅಲ್ವಾ?

ಟೇಪ್ ಹಿಡಿದೆ. ಮಹಡಿ ರೂಮು 15 ಅಡಿ ಉದ್ದ, 10 ಅಡಿ ಅಗಲ. 10 ಅಡಿ ಇದ್ದ ಎತ್ತರ ಪಿಒಪಿ ಮಾಡಿಸಿ 9ಕ್ಕೆ ಇಳಿದಿದೆ. ನಟ್ಟನಡುವೆ ಫ್ಯಾನ್. ಇವನು ಆರಡಿ ಆಳು, ಡ್ರೈವರ್ ಅನ್ನುವ ಉದ್ದನೆಯ ಕೋಲೇ ಸುಮಾರು 45 ಇಂಚು. ಕೈಯೆತ್ತಿ ಬೀಸುವುದಾದರೂ ಹೇಗೆ?

ಬಾಲ್‌ನ ಓಟ ಅಳೆಯಲು ಕೊಂಡಿದ್ದು ರಾಡಾರ್ ಯಂತ್ರ. ಅದು ಬಾಲ್‌ನ ಹಿಂದೆ ಆರೇಳು ಅಡಿ ದೂರ ಇರಬೇಕು. ಹಾರುವ ಬಾಲ್ ಅದಕ್ಕೆ ಕಾಣಲು ಮುಂದೆ ಕನಿಷ್ಠ 8 ಅಡಿ ಬೇಕು. ಪರದೆ ಹಿಂದಕ್ಕೆ ಉಬ್ಬುತ್ತದೆ, ಗೋಡೆಗೆ ತಾಗದಂತೆ ಇನ್ನೊಂದಡಿ. ಕೂಡಿದರೆ 15–16 ಅಡಿ ಆಯಿತು, ರೂಮು ಸಾಲದು. ಬಾಲ್ ಪಕ್ಕದಲ್ಲೇ ಇಡುವ ಕ್ಯಾಮೆರಾ ಯಂತ್ರವಾಗಿದ್ದರೆ ಉದ್ದವಾದರೂ ಸಾಲುತ್ತಿತ್ತು. ಅಳತೆ ಮೊದಲು ಗೊತ್ತಿದ್ದರೆ ಅದನ್ನೇ ತರಬಹುದಿತ್ತಲ್ಲ!

"ಆಫರ್ ಮುಗಿದುಹೋಗ್ತಿತ್ತು" ಅಂದ. ಮುಗಿಯಲಿ ಬಿಡಪ್ಪ, ಇನ್ನೊಂದು ಹಬ್ಬಕ್ಕೆ ಮತ್ತೆ ಬರುತ್ತದೆ. ಅವನ ದುಡ್ಡು, ನಿಮಗ್ಯಾಕೆ ಅಂತ ಕೆಲವರು ಕೇಳಬಹುದು. ಅವನು ಎರಡು ವರ್ಷ ಕೂಡಿಸಿಟ್ಟ ದುಡ್ಡು ಅದು, ನನಗೆ ಸಂಕಟ ಆಗುತ್ತದೆ.

ಇಷ್ಟು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಅಪ್ಪನಿಗೆ ವೀಲ್‌ಚೇರ್ ತಂದಾಗ ನಾನೂ ಅಳೆದಿರಲಿಲ್ಲ. ಬಚ್ಚಲು ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಅವರನ್ನು ಎತ್ತಿಕೊಂಡೇ ಒಳಗೆ ಹೋಗಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಮೊದಲೇ ಅಳೆಯೋಕೆ ಏನೂ ಖರ್ಚಿಲ್ಲ. ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಹಾಕಿ. ಡ್ರೈವರಿನಷ್ಟೇ ಉದ್ದದ ಕೋಲು ಹಿಡಿದು ನಿಧಾನಕ್ಕೆ ಬೀಸಿ ನೋಡಿ. ಮನೆಯಲ್ಲಿ ಎಡಗೈಯವರಿದ್ದರೆ ಅವರನ್ನೂ ನಿಲ್ಲಿಸಿ. ಬಾಲ್‌ನ ಎರಡೂ ಕಡೆ ನಿಲ್ಲಲು ಜಾಗ ಬೇಕಲ್ಲ, ಅಗಲ ಇನ್ನೂ ಜಾಸ್ತಿ ಬೇಕಾಗುತ್ತದೆ. ಆಮೇಲೆ ದುಡ್ಡು ಕಟ್ಟಿ.

ನಾಳೆ ಬೆಳಿಗ್ಗೆ ಅವರ ಮನೆ ತಾರಸಿ ಅಳೆಯಲು ಹೋಗುತ್ತಿದ್ದೇನೆ. 12 ಅಡಿ ಎತ್ತರಕ್ಕೆ ಶೀಟು ಹಾಕಿಸಲು ಆಗುತ್ತದಾ ನೋಡಬೇಕು. ಅಲ್ಲೀವರೆಗೆ ಒಂದು ಬಾಕ್ಸೂ ಒಡೆಯಬೇಡ ಅಂತ ಹೇಳಿ ಬಂದಿದ್ದೇನೆ.