ಚೊಕೊಬೊ ಓಟ: ‘ಮೊದಲು ಮುಟ್ಟಿದರೆ ಸಾಕು’ ಎಂಬ ಮಾತಿನ ಬಗ್ಗೆ ಸ್ಪಷ್ಟನೆ

2001ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ ಟೆನ್’ ವಿಡಿಯೊ ಆಟದ ಚೊಕೊಬೊ (ಸವಾರಿ ಮಾಡುವ ದೊಡ್ಡ ಹಕ್ಕಿ) ಓಟದಲ್ಲಿ ಎದುರಾಳಿಯಾಗಿ ಓಡುವ ತರಬೇತುಗಾರ್ತಿಗಿಂತ ಮೊದಲು ಗುರಿ ಮುಟ್ಟಿದರೆ, ನಾಯಕನ ಆಯುಧದ ಬಲ ಹೆಚ್ಚಿಸುವ ‘ಸನ್ ಸಿಜಿಲ್’ ಎಂಬ ವಸ್ತು ಕೈಸೇರುತ್ತದೆ, ದಾರಿಯಲ್ಲಿ ಸಿಗುವ ಬಲೂನುಗಳು ಬರೀ ಅಲಂಕಾರ ಎಂಬ ಸಂದೇಶವೊಂದು ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಆಟಗಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಓಟವನ್ನು ಗೆಲ್ಲುವುದು ಅಗತ್ಯವೇ ಹೌದು; ಆದರೆ ಸಿಜಿಲ್ ಸಿಗಬೇಕಾದರೆ ಅಂತಿಮ ಸಮಯ ಸೊನ್ನೆಗೆ ಇಳಿಯಬೇಕು. ನಾವು ಹಿಡಿಯುವ ಪ್ರತಿ ಬಲೂನಿಗೆ ನಮ್ಮ ಸಮಯದಿಂದ 3 ಸೆಕೆಂಡು ಕಳೆಯುತ್ತದೆ, ಹಾರಿ ಬರುವ ಹಕ್ಕಿ ಬಡಿದರೆ 3 ಸೆಕೆಂಡು ಸೇರುತ್ತದೆ. ಅಂದರೆ 36 ಸೆಕೆಂಡಿನಲ್ಲಿ ಓಟ ಮುಗಿಸಿದವರಿಗೆ, ಒಂದು ಹಕ್ಕಿಯೂ ತಾಗದಿದ್ದರೆ, 12 ಬಲೂನು ಬೇಕು. ತಾಗಿದ ಒಂದೊಂದು ಹಕ್ಕಿಗೂ ಇನ್ನೊಂದೊಂದು ಬಲೂನು ಹೆಚ್ಚು ಹಿಡಿಯಬೇಕು, ಮೇಲಾಗಿ ಪೆಟ್ಟು ತಿಂದ ಚೊಕೊಬೊ ತಡವರಿಸುವುದರಿಂದ ಓಟವೂ ಹಿಂದೆ ಬೀಳುತ್ತದೆ. ತರಬೇತುಗಾರ್ತಿ ಹಿಡಿದ ಬಲೂನು ಅವಳ ಲೆಕ್ಕಕ್ಕೆ ಹೋಗುವುದರಿಂದ, ಅವಳಿಗಿಂತ ಮುಂದೆ ಓಡುವುದರ ನಿಜವಾದ ಲಾಭ ಬಲೂನುಗಳನ್ನು ಮೊದಲು ತಲುಪುವುದರಲ್ಲಿದೆ.

ಬಲೂನು, ಹಕ್ಕಿಗಳು ಪ್ರತಿ ಸಲವೂ ಒಂದೇ ಕಡೆ ಬರುವುದಿಲ್ಲವಾದ್ದರಿಂದ ಅದೇ ಸಂದೇಶದಲ್ಲಿರುವ ‘ಬಾಯಿಪಾಠದ ದಾರಿ’ಯೂ ನಿಲ್ಲುವುದಿಲ್ಲ, ಅದೃಷ್ಟಕ್ಕೂ ಇಲ್ಲಿ ಪಾಲಿದೆ. ಸಿಜಿಲ್ ಸಿಕ್ಕ ಕೂಡಲೇ ಆಟವನ್ನು ಸೇವ್ ಮಾಡಿಕೊಳ್ಳಿ, ಮಲೆನಾಡಿನ ಮಳೆಗಾಲದ ಕರೆಂಟನ್ನು ನಂಬಿ ಕೂರುವಂತಿಲ್ಲ.