ಎಂಮ್ಯಾಪ್‌ಗೆ ಒಂದೇ ಫಂಕ್ಷನ್ ಸಾಲದು
ಡ್ರೈವರ್‌ನ ಎಂಮ್ಯಾಪ್ (ಸಾಧನದ ಅಥವಾ ಕರ್ನಲ್‌ನ ಮೆಮೊರಿಯನ್ನು ಯೂಸರ್ ಪ್ರೋಗ್ರಾಂ ನೇರವಾಗಿ ಬಳಸುವಂತೆ ಜೋಡಿಸುವ) ಕೆಲಸವನ್ನೆಲ್ಲ ಒಂದೇ ಫಂಕ್ಷನ್ ಒಳಗೆ ಮುಚ್ಚಿಡಿ ಎಂದಿದ್ದೀರಿ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಾಧನವನ್ನು ನಿಯಂತ್ರಿಸುವ ರಿಜಿಸ್ಟರ್, ಡಿಎಂಎ ಬಫರ್ (ಸಿಪಿಯು ನೆರವಿಲ್ಲದೆ ಸಾಧನವೇ ಓದಿ ಬರೆಯುವ ಮೆಮೊರಿ), ಮಾಮೂಲಿ ಪೇಜ್‌ಗಳು ಮೂರೂ ಬೇರೆ ಬೇರೆ ಅಲ್ವಾ? ರಿಜಿಸ್ಟರ್‌ಗೆ ಕ್ಯಾಶ್ ಇಲ್ಲದ ಮ್ಯಾಪಿಂಗ್ ಬೇಕು. ಐಒಎಂಎಂಯು (ಸಾಧನ ಬಳಸುವ ಅಡ್ರೆಸ್ಸನ್ನು ಫಿಸಿಕಲ್ ಅಡ್ರೆಸ್ಸಿಗೆ ಬದಲಿಸುವ ಹಾರ್ಡ್‌ವೇರ್) ಇದ್ದರೆ ಡಿಎಂಎ ಅಡ್ರೆಸ್ಸೇ ಫಿಸಿಕಲ್ ಅಡ್ರೆಸ್ ಆಗಿರಬೇಕೆಂದಿಲ್ಲ. ಅದನ್ನು ಸುಮ್ನೆ, ಫಿಸಿಕಲ್ ಪೇಜ್ ಸಂಖ್ಯೆ ಕೇಳುವ ಲಿನಕ್ಸ್ ಕರ್ನಲ್ ಫಂಕ್ಷನ್ ಆದ ರೀಮ್ಯಾಪ್_ಪಿಎಫ್ಎನ್_ರೇಂಜ್‌ಗೆ ಕೊಟ್ಟು ಎರಡು ದಿನ ಒದ್ದಾಡಿದ್ದೇನೆ. ಡಿಎಂಎ ಬಫರ್‌ಗೆಂದೇ ಇರುವ ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಬಳಸಿದ ಮೇಲೆ ಸರಿಹೋಯಿತು. ಹಾಗಾಗಿ ಮೂರಕ್ಕೂ ಬೇರೆ ಆಪ್ಸ್ ಟೇಬಲ್ (ಆಯಾ ಕೆಲಸದ ಫಂಕ್ಷನ್‌ಗಳ ಪಟ್ಟಿ) ಇರಲಿ. ಆಫ್‌ಸೆಟ್ ಮತ್ತು ಉದ್ದದ ತಪಾಸಣೆ ಮಾತ್ರ ಮೇಲಿನ ಪದರದಲ್ಲಿ ಒಂದೇ ಕಡೆ ಇರಲಿ. ಎರಡನ್ನೂ ಕೂಡಿಸುವಾಗ ಓವರ್‌ಫ್ಲೋ (ಮೊತ್ತ ಮಿತಿ ಮೀರಿ ಸಣ್ಣ ಸಂಖ್ಯೆಯಾಗುವುದು) ಆಗುತ್ತದೆಯೇ ಎಂದೂ ಅಲ್ಲೇ ನೋಡಬೇಕು. ಅದು ತಪ್ಪಿದರೆ ಯೂಸರ್ ಪ್ರೋಗ್ರಾಂ ಬಫರ್‌ನ ಆಚೆಗಿನ ಕರ್ನಲ್ ಮೆಮೊರಿಯನ್ನೂ ಓದಬಹುದು, ಬರೆಯಲೂಬಹುದು.